ಮೇಲಿನಿಂದ ಕೆಳಕ್ಕೆ, ಹದಿನೇಳು

ಮಧ್ಯಾಹ್ನದ ಬಿಡುವಿನಲ್ಲಿ ಖಾಯೆಂಬ ಅಂಗಡಿಯಿಂದ ನೇರವಾಗಿ ನೆರೆಯ ಪ್ರಿಸ್ಕಾಳ ಮನೆಗೆ ಬರುತ್ತಿದ್ದ. ಜಗಲಿಯ ಮೇಲಿನ ಸ್ಟೂಲನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು, ಇಂಗ್ಲಿಷ್ ಪತ್ರಿಕೆ ಬಿಡಿಸಿ, ಅಂಗಳದ ಬೆಣ್ಣೆಹಣ್ಣಿನ ಮರಕ್ಕೆ ಪದಬಂಧ ಓದಿ ಹೇಳುತ್ತಿದ್ದ. ದಾರಿಯಲ್ಲಿ ಹೋಗುವವರು ಯಾರೂ ಇದನ್ನು ನೋಡಿ ನಿಲ್ಲುತ್ತಿರಲಿಲ್ಲ. ಕಿಟಕಿಯ ಒಳಗೆ ಅವನ ಅತ್ತೆ ಮಲಗಿದ್ದಾಳೆಂಬುದು ಬುಂಗೋಮಾ ಪಟ್ಟಣದ ಆ ಓಣಿಗೆಲ್ಲ ಗೊತ್ತಿತ್ತು. ಆ ಸೀಮೆಯ ಕಟ್ಟಳೆಯಂತೆ ಅಳಿಯ ಅತ್ತೆಯ ಮುಖ ನೋಡಬಾರದು, ಅವಳೊಂದಿಗೆ ನೇರವಾಗಿ ಮಾತಾಡಬಾರದು, ಅವಳಿರುವ ಮನೆಯ ಹೊಸ್ತಿಲು ದಾಟಬಾರದು. ಮರಕ್ಕೆ ಏನು ಬೇಕಾದರೂ ಹೇಳಬಹುದು.

ಮಾತೆಲ್ಲ ನೆಲಿಮಾಳ ಹೆಸರಿನಲ್ಲಿ ನಡೆಯುತ್ತಿತ್ತು. ನೆಲಿಮಾ ಖಾಯೆಂಬನ ಹೆಂಡತಿ, ಒಳಗಿದ್ದವಳ ಮಗಳು, ತುಂಬು ಬಸುರಿ. ಹೊಸ್ತಿಲಲ್ಲಿ ಕೂತು ಸುಕುಮಾ ಸೊಪ್ಪು ಹೆಚ್ಚುತ್ತ, ಎರಡು ಕಡೆಯವರೂ ತನ್ನನ್ನು ಅಂಚೆಪೆಟ್ಟಿಗೆ ಮಾಡಿಕೊಂಡದ್ದನ್ನು ಹಲ್ಲು ಕಚ್ಚಿ ಸಹಿಸುತ್ತಿದ್ದಳು.

“ನೆಲಿಮಾ, ಎಡದಿಂದ ಬಲಕ್ಕೆ ಒಂಬತ್ತು. ವೆನಿಸ್ ನಗರದ ದೋಣಿ,” ಎಂದ ಖಾಯೆಂಬ. “ಗೊಂಡೋಲ ಅಂತ ಬರ್ದಿದೀನಿ. ಅಕ್ಷರ ಸರಿಯಾಗಿ ಕೂತ್ವು.”

“ನೆಲಿಮಾ, ಅಕ್ಷರ ಕೂತಿದ್ದು ಸಂತೋಷ,” ಎಂದು ಒಳಗಿನಿಂದ ದನಿ ಬಂತು. “ಆ ಊರಲ್ಲಿ ಜನ ಯಾಕೆ ದೋಣೀಲಿ ಓಡಾಡ್ತಾರೆ ಅಂತ ಕೇಳು.”

ಖಾಯೆಂಬ ಮರವನ್ನು ನೋಡುತ್ತ ಯೋಚಿಸಿದ. “ಬುಡಲಾಂಗಿ ಕಡೆ ಥರ ಪ್ರವಾಹ ಬಂದಿರ್ಬೇಕು.”

“ಎಷ್ಟು ಶತಮಾನದಿಂದ ಇಳಿದಿಲ್ವಂತೆ ಕೇಳು.”

“ಅಮ್ಮಾ, ಅವ್ರಿಗೆ ಕೇಳಿಸ್ತು,” ಎಂದಳು ನೆಲಿಮಾ. “ದೇವ್ರು ನಿಮ್ಮಿಬ್ರಿಗೂ ಕಿವಿ ಕೊಟ್ಟಿದಾನೆ.”

ಒಳಗಿದ್ದವಳನ್ನು ಊರೆಲ್ಲ ಮ್ವಾಲಿಮು ಎಂದು ಕರೆಯುತ್ತಿತ್ತು. ಮೇಷ್ಟ್ರಮ್ಮ ಎಂದು ಅರ್ಥ. ನಿವೃತ್ತಳಾದ ಮೇಲೂ ಆ ಪದವಿ ಅವಳನ್ನು ಬಿಟ್ಟಿರಲಿಲ್ಲ, ಅವಳೂ ಅದನ್ನು ಬಿಟ್ಟಿರಲಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಳ್ಳಿಯಿಂದ ಬಂದಿದ್ದಳು. ಅಳಿಯನ ಮನೆ ನಾಲ್ಕು ಹೆಜ್ಜೆಯಾಚೆ ಇದ್ದರೂ ಅಲ್ಲಿ ಉಳಿಯುವಂತಿರಲಿಲ್ಲವಾದ್ದರಿಂದ, ನೆರೆಯ ಪ್ರಿಸ್ಕಾ ಒಂದು ಕೋಣೆ ಬಿಟ್ಟುಕೊಟ್ಟಿದ್ದಳು. ಬ್ಯಾಂಡೇಜು ಬಿಚ್ಚುವ ತನಕ ಒಂದಕ್ಷರವನ್ನೂ ಓದಕೂಡದೆಂದು ಡಾಕ್ಟರು ಹೇಳಿದಾಗ, ಹಾಗಾದರೆ ಪೊರೆಯನ್ನು ವಾಪಸು ಹಾಕಿಬಿಡಿ ಎಂದಿದ್ದಳಂತೆ. ಸ್ಟಾಫ್ ರೂಮಿನಲ್ಲಿ ಹಿಡಿದ ಪದಬಂಧದ ಚಟ. ಒಂದು ದಿನ ತಪ್ಪಿದರೂ ಊಟ ಸೇರುತ್ತಿರಲಿಲ್ಲ. ನೆಲಿಮಾಳಿಗೋ ಪದಬಂಧ ಕಂಡರೆ ಮೈಯೆಲ್ಲ ಉರಿ, ಅವಳ ಬಾಲ್ಯವನ್ನೆಲ್ಲ ಆ ಚೌಕಗಳೇ ನುಂಗಿದ್ದವು. ಹಾಗಾಗಿ ಓದಿ ಹೇಳುವ ಕೆಲಸವನ್ನು ಖಾಯೆಂಬ ತಾನಾಗಿಯೇ ಹೊತ್ತುಕೊಂಡ.

ಅವನಿಗೆ ಪದಬಂಧದ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. ಹೆರಿಗೆಯ ಹೊತ್ತಿಗೆ ಅತ್ತೆ ತನ್ನ ಮನೆಯಲ್ಲಿ, ನೆಲಿಮಾಳ ಮಂಚದ ಪಕ್ಕದಲ್ಲಿ ಇರಬೇಕು. ಮೊದಲನೆಯ ಬಸಿರು ಕಳೆದುಹೋದಾಗ ನೆಲಿಮಾ ಒಬ್ಬಳೇ ಇದ್ದಳು. ಆಮೇಲೆ ಅವಳು ಹೆಚ್ಚು ಅಳಲಿಲ್ಲ. “ಅಮ್ಮ ಇದ್ದಿದ್ರೆ,” ಎಂದು ಒಂದೇ ಒಂದು ಸಲ ಅಂದಿದ್ದಳು. ಆ ಮಾತು ಖಾಯೆಂಬನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ದಾರಿ ಇರಲಿಲ್ಲವೆಂದಲ್ಲ. ಅಳಿಯ ಹಿರಿಯರ ಕೈಯಲ್ಲಿ ಕಂಬಳಿ ಕಳಿಸಿ, ಅತ್ತೆ ಅದನ್ನು ಹೊದ್ದುಕೊಂಡರೆ ಕಟ್ಟಳೆ ಸಡಿಲವಾಗುತ್ತದೆ. ಅವಳು ಅಳಿಯನ ಮನೆಗೆ ಬರಬಹುದು, ಉಳಿಯಬಹುದು. ಖಾಯೆಂಬ ತನ್ನ ಚಿಕ್ಕಪ್ಪನ ಕೈಯಲ್ಲಿ ಕಂಬಳಿ ಕಳಿಸಿಯೂ ಆಗಿತ್ತು. ಕಟ್ಟಿದ ದಾರವನ್ನೂ ಬಿಚ್ಚದೆ ಮ್ವಾಲಿಮು ಅದನ್ನು ವಾಪಸು ಕಳಿಸಿದ್ದಳು. ಇನ್ನೂ ಹೊತ್ತು ಬಂದಿಲ್ಲ ಎಂದು ಚಿಕ್ಕಪ್ಪನಿಗೆ ಹೇಳಿದ್ದಳು. ಮಗಳಿಗೆ ಹೇಳಿದ್ದೇ ಬೇರೆ.

“ನಿನ್ನ ಗಂಡ ಕೇಳಿದ್ದಕ್ಕೆಲ್ಲ ಹೂಂ ಅಂತಾನೆ. ಏನಕ್ಕೆ ಹೂಂ ಅಂದೆ ಅಂದ್ರೆ ಗೊತ್ತಿರಲ್ಲ. ಸಂಬಂಧ ಮಾತಾಡೋಕೆ ಬಂದ ದಿನ ನನ್ನ ಕೈ ಕುಲುಕೋಕೆ ಕೈ ಚಾಚಿದೋನು ಅವನು. ಆಮೇಲೆ ಯಾರೋ ಹೇಳಿದ್ರು ಅಂತ ಕೈ ಹಿಂದಕ್ಕೆ ತಗೊಂಡ. ಹೇಳಿದ್ದಕ್ಕೆ ತಗೊಂಡ, ಅರ್ಥ ಆಗಿ ಅಲ್ಲ.”

ಅದು ಸುಳ್ಳೇನಲ್ಲ. ಖಾಯೆಂಬ ಮೊಂಬಾಸಾದ ಬಂದರಿನ ಬೀದಿಯಲ್ಲಿ ಬೆಳೆದವನು. ಅಲ್ಲಿ ಎದುರು ಬಂದವರಿಗೆಲ್ಲ ಕೈ ಚಾಚುವುದೇ ಮರ್ಯಾದೆ. ಈ ಕಡೆಯ ಕಟ್ಟಳೆಗಳನ್ನು ಅವನು ಪದಬಂಧದ ಉತ್ತರಗಳ ಹಾಗೆಯೇ ಕಲಿತಿದ್ದ. ಚೌಕಕ್ಕೆ ಕೂತರೆ ಸಾಕು, ಯಾಕೆಂದು ಕೇಳುವ ಗೋಜಿಗೆ ಹೋಗಿರಲಿಲ್ಲ.

ಈಗ ಕೇಳಬೇಕಾಯಿತು. ಹಿಂದಿನ ದಿನದ ಉತ್ತರಗಳು ಪತ್ರಿಕೆಯಲ್ಲಿ ಬರುತ್ತಿದ್ದವು. ಅವುಗಳಲ್ಲಿ ಒಂದೊಂದಕ್ಕೂ ಅರ್ಥ ಹೇಳದೆ ಇವತ್ತಿನ ಪದಬಂಧಕ್ಕೆ ಕೈ ಹಾಕುವಂತಿಲ್ಲ ಎಂದು ಒಳಗಿನಿಂದ ಅಪ್ಪಣೆಯಾಗಿತ್ತು. ಪದಬಂಧ ತಯಾರಿಸುವವನು ಎಲ್ಲಿಯವನೋ, ಅವನ ತಲೆಯಲ್ಲಿ ಬರೀ ಹಿಮ, ಆಪೆರಾ, ಯೂರೋಪಿನ ನದಿಗಳು. ಖಾಯೆಂಬ ಕೆಲಸ ಮಾಡುತ್ತಿದ್ದದ್ದು ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ. ಬ್ರೇಕು ಶೂ ಕೊಳ್ಳಲು ಬಂದ ಡ್ರೈವರುಗಳನ್ನು ಹಿಡಿದು ನಿಲ್ಲಿಸಿ, “ಅಣ್ಣಾ, ಆಪೆರಾದಲ್ಲಿ ಸಾಯೋರು ಸಾಯೋ ಮುಂಚೆ ಅಷ್ಟೊತ್ತು ಯಾಕೆ ಹಾಡ್ತಾರೆ?” ಎಂದು ಕೇಳತೊಡಗಿದ. ಡ್ರೈವರುಗಳು ಅಂಗಡಿ ಬದಲಾಯಿಸುವ ಯೋಚನೆ ಮಾಡಿದರು. ಪಾದ್ರಿಯನ್ನು ಕೇಳಿದ, ಲೈಬ್ರರಿಯಲ್ಲಿ ಹಳೆಯ ವಿಶ್ವಕೋಶ ತಿರುವಿ ಹಾಕಿದ. ವೆನಿಸ್ಸಿನಲ್ಲಿ ಪ್ರವಾಹ ಬಂದಿಲ್ಲ, ಆ ಊರನ್ನು ಕಟ್ಟಿದ್ದೇ ನೀರಿನ ಮೇಲೆ ಎಂದು ತಿಳಿದ ದಿನ ಮರಕ್ಕೆ ಅದನ್ನು ಎಷ್ಟು ಉತ್ಸಾಹದಿಂದ ವಿವರಿಸಿದನೆಂದರೆ, ಕೋಳಿಗಳು ಎದ್ದು ಆಚೆಗೆ ಹೋದವು.

“ಹೂಂ,” ಎಂದಳು ಮ್ವಾಲಿಮು ಒಳಗಿನಿಂದ.

“ಅಷ್ಟು ದೊಡ್ಡ ಹೂಂ ನಮ್ಮಪ್ಪಂಗೂ ಸಿಕ್ಕಿರ್ಲಿಲ್ಲ,” ಎಂದಳು ನೆಲಿಮಾ ಮನೆಗೆ ಹೋಗುವಾಗ. ಖಾಯೆಂಬನಿಗೆ ಹುಚ್ಚು ಆಸೆ ಹುಟ್ಟಿತು.

ಶುಕ್ರವಾರ ಬಂತು. ಮಾರನೆಯ ದಿನ ಬೆಳಿಗ್ಗೆ ಬ್ಯಾಂಡೇಜು ಬಿಚ್ಚುವುದು, ಮಧ್ಯಾಹ್ನದ ಮಟಾಟು ವ್ಯಾನಿನಲ್ಲಿ ಮ್ವಾಲಿಮು ಹಳ್ಳಿಗೆ ಹೊರಡುವುದು ಎಂದಾಗಿತ್ತು. ಕಂಬಳಿಯ ಮಾತನ್ನು ಯಾರೂ ಎತ್ತಿರಲಿಲ್ಲ. ನೆಲಿಮಾ ತೂಕ ನೋಡಿಸಿಕೊಳ್ಳಲು ಬಸುರಿಯರ ಕ್ಲಿನಿಕ್ಕಿಗೆ ಹೋಗಿದ್ದಳು. ಹೊಸ್ತಿಲು ಖಾಲಿ. ಹಾಗೆಂದು ಪದಬಂಧ ನಿಲ್ಲಲಿಲ್ಲ. ಇಲ್ಲದ ನೆಲಿಮಾಳಿಗೆ ಇಬ್ಬರೂ ಹೇಳುತ್ತ ಹೋದರು, ಇಲ್ಲದ ನೆಲಿಮಾಳಿಂದ ಇಬ್ಬರೂ ಕೇಳಿಸಿಕೊಂಡರು. ಇದ್ದ ನೆಲಿಮಾಳಿಗಿಂತ ಅವಳು ಹೆಚ್ಚು ತಾಳ್ಮೆಯವಳಾಗಿದ್ದಳು.

“ನೆಲಿಮಾ, ಮೇಲಿನಿಂದ ಕೆಳಕ್ಕೆ ಹದಿನೇಳು,” ಎಂದು ಶುರುಮಾಡಿದ ಖಾಯೆಂಬನ ಕಣ್ಣು ಬಾಯಿಗಿಂತ ಮುಂದೆ ಓಡಿತು. ಬಾಯಿ ಅಲ್ಲೇ ನಿಂತಿತು. ‘ಬೈಬಲ್ಲಿನಲ್ಲಿ ರೂತಳ ಅತ್ತೆ. ಐದಕ್ಷರ,’ ಎಂದಿತ್ತು ಸುಳಿವು.

ರೂತಳ ಅತ್ತೆ ನವೊಮಿ, ಇಂಗ್ಲಿಷಿನಲ್ಲಿ ಬರೆದರೆ ಐದಕ್ಷರ. ಮ್ವಾಲಿಮುವಿನ ಹೆಸರೂ ಅದೇ. ಕಥೆ ಹೇಳುವವರಿಗೆ ಕಟ್ಟಳೆ ಇಲ್ಲವಾದ್ದರಿಂದ ಇಲ್ಲಿ ಹೇಳಬಹುದು, ಅಳಿಯ ಹೇಳುವಂತಿಲ್ಲ. ಅತ್ತೆಯ ಹೆಸರನ್ನು ನಾಲಗೆಯಲ್ಲಿ ಆಡುವಂತಿಲ್ಲ, ಕೈಯಲ್ಲಿ ಬರೆಯುವಂತಿಲ್ಲ. ಸುಳಿವನ್ನು ಓದಿದರೂ ಸಾಕು, ಚರ್ಚಿಗೆ ಹೋಗುವ ಯಾವ ಹೆಂಗಸಿಗೂ ಉತ್ತರ ತಾನಾಗಿ ಹೊಳೆಯುತ್ತದೆ. ಆಗ ಹೆಸರನ್ನು ಅವಳ ಮುಂದೆ ಇಟ್ಟಂತೆಯೇ. ಹಾಗೆ ಮಾಡಿದವರ ಮನೆಯಲ್ಲಿ ಏನೇನಾಯಿತೆಂದು ಹೇಳಲು ಓಣಿಯಲ್ಲಿ ಎಲ್ಲರ ಬಳಿಯೂ ಒಂದೊಂದು ಕಥೆ ಇತ್ತು. ಖಾಯೆಂಬ ಅವನ್ನು ನಂಬುತ್ತಿರಲಿಲ್ಲ. ಆದರೆ ಹೆಂಡತಿ ಬಸುರಿ.

“ನೆಲಿಮಾ, ಹದಿನೆಂಟು,” ಎಂದ.

“ನೆಲಿಮಾ, ಹದಿನೇಳು ಎಲ್ಲಿ ಹೋಯ್ತು ಕೇಳು.”

“ಅಚ್ಚು ಸರಿಯಾಗಿ ಬಿದ್ದಿಲ್ಲ ಅಂತ ಹೇಳು.”

“ಹದಿನಾರು ಬಿತ್ತು, ಹದಿನೆಂಟು ಬಿತ್ತು. ನಡುವಿಂದು ಒಂದೇ ಬೀಳ್ಲಿಲ್ವಾ ಕೇಳು.”

ಖಾಯೆಂಬನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಒಳಗೆ ಮಂಚ ಕಿರುಗುಟ್ಟಿತು, ಮ್ವಾಲಿಮು ಎದ್ದು ಕೂತಿರಬೇಕು. ಮತ್ತೆ ಮಾತಾಡಿದಾಗ ದನಿ ಕಿಟಕಿಗೆ ಹತ್ತಿರವಾಗಿತ್ತು, ಮೆತ್ತಗೂ ಆಗಿತ್ತು. ಅವಳಿಗೂ ಮಣಿಯಲು ಒಂದು ನೆಪ ಬೇಕಿತ್ತೋ ಏನೋ.

“ನೆಲಿಮಾ, ಹೊರಗಿರೋರು ಇಷ್ಟು ದಿನ ಬೆವರು ಸುರಿಸಿದಾರೆ. ನಂಗೆ ಕಣ್ಣು ಕಟ್ಟಿದೆ, ಕಿವಿ ಕಟ್ಟಿಲ್ಲ. ಇದೊಂದನ್ನ ಓದಿ, ಉತ್ತರ ಹೇಳಿ, ಅದರ ಅರ್ಥಾನೂ ಹೇಳ್ಬಿಟ್ರೆ ಕಂಬಳಿ ವಿಷ್ಯ ಮಾತಾಡೋಣ ಅಂತ ಹೇಳು.”

ಉತ್ತರ ನಾಲಗೆಯ ತುದಿಯಲ್ಲೇ ಕೂತಿತ್ತು. ಭಾನುವಾರದ ಶಾಲೆಯಲ್ಲಿ ರೂತಳ ಪುಸ್ತಕ ಅವನಿಗೆ ಬಾಯಿಪಾಠವಾಗಿತ್ತು. ಅಷ್ಟು ದಿನ ಗೊತ್ತಿಲ್ಲದ್ದನ್ನೆಲ್ಲ ಗೊತ್ತಿರುವ ಹಾಗೆ ಬರೆದಿದ್ದ. ಈಗ ಗೊತ್ತಿರುವುದೊಂದು ಬಂದಿತ್ತು. ಹೇಳಿದರೆ ಕಂಬಳಿ ಹೋಯಿತು, ಹೇಳದಿದ್ದರೂ ಹೋಯಿತು. ನೆಲಿಮಾ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ ಆ ದಿನಗಳು ಕಣ್ಣಿಗೆ ಬಂದವು.

“ನೆಲಿಮಾ,” ಎಂದ ಕೊನೆಗೆ, “ಗೊತ್ತಿಲ್ಲ ಅಂತ ಹೇಳು.”

ಒಳಗೆ ಮಂಚ ಮತ್ತೆ ಕಿರುಗುಟ್ಟಿತು.

“ನೆಲಿಮಾ, ನಾಳೆ ಮಟಾಟುಗೆ ಸೀಟು ಹೇಳ್ಬಿಡು.”

ಖಾಯೆಂಬ ಉಳಿದ ಸುಳಿವುಗಳನ್ನು ಓದಿದ, ಹೇಳಿಸಿಕೊಂಡ, ಬರೆದ. ಹಾಳೆಯನ್ನು ಮಡಿಚಿ ಎಂದಿನಂತೆ ಬಾಗಿಲ ಸಂದಿನಿಂದ ಒಳಗೆ ತಳ್ಳಿದ. ಬ್ಯಾಂಡೇಜು ಬಿಚ್ಚಿದ ಮೇಲೆ ತಿದ್ದುವುದಕ್ಕೆಂದು ಮ್ವಾಲಿಮು ಆ ಹಾಳೆಗಳನ್ನೆಲ್ಲ ದಿಂಬಿನ ಪಕ್ಕ ಪೇರಿಸಿ ಇಡಿಸಿದ್ದಳು. ಸಂಜೆ ನೆಲಿಮಾ ಏನಾಯಿತೆಂದು ಕೇಳಿದಾಗ, ಒಂದು ಹೊಳೆಯಲಿಲ್ಲ ಎಂದಷ್ಟೇ ಹೇಳಿದ. ಅವಳು ಒಲೆಯ ಮೇಲಿನ ಉಗಾಲಿ ಹಿಟ್ಟನ್ನು ತಿರುವಿದಳು, ಅದು ಗಟ್ಟಿಯಾದ ಮೇಲೂ ತಿರುವುತ್ತಲೇ ಇದ್ದಳು.

ಶನಿವಾರ ಅವನು ಅಂಗಡಿಗೆ ರಜೆ ಹೇಳಿ ಚೀಲ ಹೊರಲು ಬಂದ. ಅತ್ತೆ ಆಸ್ಪತ್ರೆಯಿಂದ ಬಂದಾಗಿತ್ತು. ನೆಲಿಮಾ ಕಟ್ಟಿದ ಚೀಲವನ್ನು ಹೊಸ್ತಿಲ ಮೇಲೆ ತಂದಿಟ್ಟಿದ್ದಳು, ಅವಳ ಕಣ್ಣು ಕೆಂಪಗಿದ್ದವು. ಖಾಯೆಂಬ ಸ್ಟೂಲಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತ. ಓಣಿಯ ತುದಿಯಲ್ಲಿ ಮಟಾಟು ಬಂದು ನಿಂತು ಹಾರ್ನ್ ಮಾಡಿತು.

“ಅಮ್ಮಾ, ಗಾಡಿ ಬಂತು,” ಎಂದಳು ನೆಲಿಮಾ.

“ತಡಿ. ಹಾಳೆ ತಿದ್ದಿ ಬರ್ತೀನಿ.”

ಒಳಗೆ ಕಾಗದ ಮಗುಚುವ ಸದ್ದು ಕೇಳಿಸುತ್ತಿತ್ತು. ಒಂದು ಕಡೆ ಅದು ನಿಂತಿತು. ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದ ಕಣ್ಣು, ಈಗ ಪೊರೆಯೂ ಇಲ್ಲ. ಶುಕ್ರವಾರದ ಹಾಳೆಯಲ್ಲಿ ಹದಿನೇಳರ ಐದು ಚೌಕ ಖಾಲಿ ಇದ್ದವು. ಅಷ್ಟೇ ಆಗಿದ್ದರೆ ಗೊತ್ತಿಲ್ಲದವನು ಬಿಟ್ಟದ್ದು ಎನ್ನಬಹುದಿತ್ತು. ಆ ಸಾಲನ್ನು ಅಡ್ಡ ಹಾಯುವ ಉತ್ತರಗಳನ್ನು ಹಿಂದಿನ ದಿನ ಅವಳೇ ಕಿಟಕಿಯಿಂದ ಹೇಳಿಕೊಟ್ಟಿದ್ದಳು. ಅವನ್ನೂ ಅಳಿಯ ಪೂರ್ತಿ ಬರೆದಿರಲಿಲ್ಲ. ಪ್ರತಿಯೊಂದರಲ್ಲೂ ಹದಿನೇಳಕ್ಕೆ ತಾಗುವ ಒಂದಕ್ಷರವನ್ನು ಮಾತ್ರ ಬಿಟ್ಟಿದ್ದ. ಬೇರೆ ಪದಗಳ ದಾರಿಯಿಂದ ಕೂಡ ಆ ಹೆಸರಿನ ಒಂದಕ್ಷರವೂ ತನ್ನ ಪೆನ್ನಿನಿಂದ ಇಳಿಯದಂತೆ ನೋಡಿಕೊಂಡಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮ್ವಾಲಿಮು ಹದಿನೇಳನೇ ಸುಳಿವನ್ನು ಹುಡುಕಿ ಓದಿದಳು.

ಮಟಾಟು ಮತ್ತೆ ಹಾರ್ನ್ ಮಾಡಿತು.

“ನೆಲಿಮಾ,” ಎಂದಳು ಮ್ವಾಲಿಮು, “ಹೊರಗಿರೋರಿಗೆ ಹದಿನೇಳರ ಉತ್ತರ ಗೊತ್ತಾ ಕೇಳು.”

“ಗೊತ್ತಿಲ್ಲ ಅಂತ ಹೇಳು,” ಎಂದ ಖಾಯೆಂಬ ಮರಕ್ಕೆ.

ನೆಲಿಮಾ ಇಬ್ಬರ ಕಡೆಗೂ ತಿರುಗಿ ತಿರುಗಿ ನೋಡಿದಳು. ಅವಳಿಗೆ ಏನೊಂದೂ ತಿಳಿಯಲಿಲ್ಲ.

“ಅರ್ಥ ಗೊತ್ತಾ ಕೇಳು.”

ಖಾಯೆಂಬನ ದನಿ ಸಣ್ಣಗಾಗಿತ್ತು. “ಅರ್ಥ ಗೊತ್ತು ಅಂತ ಹೇಳು.”

ಒಳಗೆ ಮ್ವಾಲಿಮು ಮೂಗೊರೆಸಿಕೊಂಡದ್ದು ಕೇಳಿಸಿತು. ಹೊಸ ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರು.

“ನೆಲಿಮಾ, ಆ ಚೀಲ ಒಳಗೆ ತಗೊಂಬಾ. ಗಾಡಿಯೋನಿಗೆ ಹೋಗು ಅನ್ನು. ಅವರ ಚಿಕ್ಕಪ್ಪಂಗೆ ಹೇಳಿಕಳಿಸ್ಲಿ, ಕಂಬಳಿ ಇವತ್ತೇ ಬರ್ಲಿ. ಹೆರಿಗೆ ನಾಳೆಯೋ ನಾಳಿದ್ದೋ ಯಾರಿಗೆ ಗೊತ್ತು?”

ಖಾಯೆಂಬನ ಮುಖದ ಮೇಲೆ ನೀರು ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಅತ್ತೆಗೆ ಬೆನ್ನು ಹಾಕಿ ಕೂರುವ ಕಟ್ಟಳೆ ಯಾಕಿದೆಯೋ ಅವನಿಗೆ ಯಾರೂ ಹೇಳಿರಲಿಲ್ಲ. ಆವತ್ತಿನ ಮಟ್ಟಿಗೆ ಅದು ಇದ್ದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

“ನೆಲಿಮಾ,” ಎಂದ, “ಆಗ್ಲಿ ಅಂತ ಹೇಳು.”