ಕಪ್ಪು ಅಂಚಿನ ಪುಟ

ಅಚ್ಚಿನ ಯಂತ್ರದಿಂದ ಹಾಳೆ ಬೀಳುವ ಸದ್ದು ಇಷ್ಟು ಬೇಗ ಶುರುವಾಗಬಾರದಿತ್ತು, ಟಪ್ ಟಪ್ ಎಂದು ಒಂದೇ ಲಯ, ಮೆಟ್ಟಿಲಿಳಿಯುತ್ತಿದ್ದ ಅವಳ ಕಾಲೂ ಆ ಲಯಕ್ಕೇ ಬಿತ್ತು, ಇಲ್ಲ, ಇದು ಬೇರೆ ಯಾವುದೋ ಕೆಲಸವಿರಬೇಕು, ಸಂಗೀತ ಪತ್ರಿಕೆಯ ಹಿಂಬದಿ ಪುಟ ಅಚ್ಚಾಗುವುದು ಮಧ್ಯಾಹ್ನ, ಅಷ್ಟರಲ್ಲಿ ಆಸ್ಪತ್ರೆಯಿಂದ ಭಾವನ ಫೋನು ಬಂದಿರುತ್ತದೆ, ಅಕ್ಕನ ಗಂಟಲಿನ ಗಂಟು ತೆಗೆದಿರುತ್ತಾರೆ, ಆಮೇಲೆ ಎರಡರಲ್ಲಿ ಯಾವ ಜಾಹೀರಾತು ಎಂದು ತಾನೇ ಬಂದು ಹೇಳುತ್ತೇನೆ ಎಂದು ಮೇಸ್ತ್ರಿಗೆ ಅಂದಿದ್ದಳಲ್ಲ — ಆದರೆ ಬಾಗಿಲಲ್ಲೇ ಕಂಡಿತು, ಯಂತ್ರದ ತುದಿಯಲ್ಲಿ ಅಕ್ಕನ ಮುಖ, ಮೇಲಿನ ಸ್ವರಕ್ಕೆ ತೆರೆದ ಬಾಯಿ, ಸುತ್ತ ಬೆರಳಗಲದ ಕಪ್ಪು ಅಂಚು, ಕೆಳಗೆ ಅವಳೇ ಬರೆದ ಸಾಲು, ಈ ದನಿ ನಮಗಾಗಿ ಬಿಟ್ಟುಹೋದ ಹನ್ನೊಂದು ಹಾಡುಗಳು.

ಎರಡು ಮಾಡಿಡಮ್ಮ, ಅಂದವರು ಆಲ್ಬಮ್ ಕಂಪನಿಯ ಯಜಮಾನರು, ದೇವರು ದೊಡ್ಡವನು, ಏನೂ ಆಗಲ್ಲ, ಆದ್ರೂ ಪತ್ರಿಕೆ ಯಾರಿಗೂ ಕಾಯಲ್ಲ ನೋಡು; ಹೆಸರಾದ ಗಾಯಕರು ಹಾಸಿಗೆ ಹಿಡಿದರೆ ಎರಡು ಪುಟ ಕಟ್ಟಿಡುವುದು ಈ ಕಸುಬಿನಲ್ಲಿ ಇದ್ದದ್ದೇ, ಬದುಕಿಗೊಂದು ಸಾವಿಗೊಂದು, ಬೇರೆಯವರದಾದರೆ ಜಾಹೀರಾತು ಬರೆಯುವ ಅವಳೂ ಕಾಫಿ ಹೀರುತ್ತ ಬರೆದು ಎಸೆದಿದ್ದಾಳೆ. ಮೊದಲ ಪುಟಕ್ಕೆ ಏನು ಬರೆದಳು, ಹೊಸ ಆಲ್ಬಮ್, ಎಲ್ಲ ಅಂಗಡಿಗಳಲ್ಲಿ, ಅಷ್ಟೇ, ಸಪ್ಪೆ. ಎರಡನೆಯದಕ್ಕೆ ಎರಡು ದಿನ ಕೂತಳು, ಪದಪದವನ್ನೂ ಬಾಯಲ್ಲಿ ಹೇಳಿ ತೂಗಿದಳು, ಅಜ್ಜ ಕಾವ್ಯ ಓದುವಾಗ ಸಾವಿನ ಪದ್ಯದಲ್ಲಿ ಪುಸ್ತಕ ಮುಚ್ಚುತ್ತಿರಲಿಲ್ಲ, ಮುಂದಿನದೊಂದನ್ನು ಓದಿಯೇ ಏಳುತ್ತಿದ್ದ, ಅಲ್ಲಿಗೇ ನಿಲ್ಲಿಸಿದ್ರೆ ಕೇಳಿದವರ ಮನೆಗೆ ಒಳ್ಳೇದಲ್ಲ ಮಗೂ ಅನ್ನುತ್ತಿದ್ದ, ಅವಳು ಮಾತ್ರ ಅಲ್ಲಿಗೇ ನಿಲ್ಲಿಸಿದಳು, ಸಾಲು ಚೆನ್ನಾಗಿ ಬಂತೆಂದು ಹಿಗ್ಗಿದಳು ಕೂಡ, ದೇವರೇ, ಆ ಹಿಗ್ಗು ನಿನ್ನ ಕಣ್ಣಿಗೆ ಬೀಳದಿರಲಿ, ನಿನ್ನೆ ಕಪ್ಪು ಎಷ್ಟು ದಟ್ಟ ಬರುತ್ತದೋ ನೋಡೋಣ ಎಂದು ತಾನೇ ಆ ಪುಟದ ಅಚ್ಚಿನ ತಗಡನ್ನು ಯಂತ್ರಕ್ಕೆ ಹಾಕಿಸಿ, ಹತ್ತು ಹಾಳೆ ಓಡಿಸಿ, ಇಳಿಸಲು ಹೇಳದೆ ಮನೆಗೆ ಹೋಗಿದ್ದಳು.

ಯಾಕೆ ಶುರು ಮಾಡಿದ್ರಿ. ಅಚ್ಚಿನ ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿದ, ತಗಡು ಯಂತ್ರದ ಮೇಲೇ ಇತ್ತಲ್ಲಮ್ಮ, ನೀವೇ ಹಾಕ್ಸಿದ್ದು, ಅಂಚು ನೋಡ್ದಾಗ್ಲೇ ಅಂದ್ಕೊಂಡೆ, ಪಾಪ, ಹೋಗ್ಬಿಟ್ರು ಅಂತ, ಅದಕ್ಕೇ ಬೇಗ ಶುರು ಹಚ್ಕೊಂಡೆ, ಕಪ್ಪು ಮಾತ್ರ ಕಾಡಿಗೆ ತೀಡಿದ ಹಾಗೆ ಬಂದಿದೆ ನೋಡಿ, ಯಾಕೆ, ನಿಲ್ಸಲಾ. ಅಷ್ಟರಲ್ಲಿ ಅಂಗೈಯಲ್ಲಿ ಫೋನು ನಡುಗಿತು, ಭಾವ, ಹಾಳೆ ಬೀಳುತ್ತಿರುವಾಗ ಎತ್ತಿದರೆ ಹಾಳೆಯ ಮೇಲಿರುವುದೇ ನಿಜವಾಗಿಬಿಟ್ಟರೆ, ಎತ್ತದಿದ್ದರೆ, ಎತ್ತಿದಳು. ಎಚ್ಚರ ಆಯ್ತು ಕಣೆ, ಭಾವ ಅಳುತ್ತಿದ್ದಾನೋ ನಗುತ್ತಿದ್ದಾನೋ, ದನಿ ವಿಷ್ಯ ಡಾಕ್ಟರು ಇನ್ನೂ ಬಾಯಿ ಬಿಡ್ತಿಲ್ಲ, ಇವಳು ಮಾತಾಡೋ ಹಾಗಿಲ್ಲ, ಚೀಟೀಲಿ ಬರ್ದು ಬರ್ದು ಪ್ರಾಣ ತಿಂತಿದಾಳೆ, ನನ್ನ ಜಾಹೀರಾತು ತೋರ್ಸಿ, ತಂಗಿ ಏನು ಬರ್ದಿದಾಳೆ ನೋಡ್ಬೇಕು ಅಂತ, ತರ್ತೀಯಲ್ಲ — ಬದುಕಿದ್ದಾಳೆ, ಬದುಕಿದ್ದಾಳೆ, ಆ ಸಪ್ಪೆ ಪುಟ ಒಯ್ದರಾಯಿತು, ಅಕ್ಕ ಓದುತ್ತಾಳೆ, ತಿರುಗಿಸಿ ನೋಡುತ್ತಾಳೆ, ಇಷ್ಟೇನಾ ಎಂದು ಕಣ್ಣೆತ್ತುತ್ತಾಳೆ, ಒಳ್ಳೆಯದನ್ನು ಯಾವುದಕ್ಕೆ ಎತ್ತಿಟ್ಟೆ ಎಂದು ಆ ಕಣ್ಣಿಗೆ ತಿಳಿದುಹೋಗುತ್ತದೆ, ಏನಮ್ಮ, ಹೇಳಿ, ಮೇಸ್ತ್ರಿಯ ಬೆರಳು ಗುಂಡಿಯ ಮೇಲಿದೆ, ನಿಲ್ಲಿಸಿ ಎನ್ನಬೇಕು, ದನಿ ಹೊರಡುತ್ತಿಲ್ಲ, ಹಾಳೆ ಬೀಳುತ್ತಿದೆ, ತೆರೆದ ಬಾಯಿ, ಅದರ ಮೇಲೊಂದು ತೆರೆದ ಬಾಯಿ, ಅದರ ಮೇಲೆ