ನಾನು ಆಡದ ಮಾತು

ನಾರಿನ್ ಪಟ್ಟಣದ ಕಡೆಗೆ ಹೋಗುವ ಈ ಘಾಟಿಯಲ್ಲಿ ಒಲೆ ಉರಿಯುವ ಮನೆ ಒಂದೇ, ಅದು ನನ್ನದು. ಗಂಡ ರಸ್ತೆಯ ಹಿಮ ತೆಗೆಯುವ ಕೆಲಸದಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಅವನು ಸತ್ತ ಮೇಲೆ ಕೆಳಗಿನ ಹಳ್ಳಿಯವರು, "ಬುರ್ಮಕಾನ್, ಇಳಿದು ಬಾರೇ, ಒಬ್ಬಳೇ ದೆವ್ವದ ಹಂಗೆ ಅಲ್ಲೇನ್ ಮಾಡ್ತೀಯ?" ಎಂದರು. ನಾನು ಇಳಿಯಲಿಲ್ಲ. ಮಕ್ಕಳಿಲ್ಲದವಳು ಹಳ್ಳಿಯಲ್ಲಿ ಯಾರ ಬಾಗಿಲಿಗೆ ಹೋದರೂ ಪರಕೀಯಳೇ. ಇಲ್ಲಾದರೆ ಜನ ನನ್ನ ಬಾಗಿಲಿಗೆ ಬರುತ್ತಾರೆ. ಕಲ್ಲಿದ್ದಲ ಲಾರಿಯವರು, ಕುರಿ ಹೊಡೆದುಕೊಂಡು ಹೋಗುವವರು, ಟೈರು ಒಡೆದು ನಿಂತವರು, ಯಾರಾದರೊಬ್ಬರು ಬಂದೇ ಬರುತ್ತಾರೆ.

ಬಂದವರನ್ನು ನಾನು ಯಾರು, ಏನು ಎಂದು ಕೇಳುವುದಿಲ್ಲ. ಮೊದಲು ರೊಟ್ಟಿ, ಆಮೇಲೆ ಚಹಾ, ಅವರಾಗಿ ಬಾಯಿ ಬಿಟ್ಟರೆ ಆಮೇಲೆ ಮಾತು. ಚಹಾ ಹಾಕುವುದು ಬಟ್ಟಲಿನ ತಳ ಮುಚ್ಚುವಷ್ಟೇ. ಕುಡಿದು ಮತ್ತೆ ಬಟ್ಟಲು ಚಾಚುತ್ತಾರೆ, ಮತ್ತೆ ಹಾಕುತ್ತೇನೆ, ಹಾಗೆಯೇ ಹೊತ್ತು ಹೋಗುತ್ತದೆ. ಬಟ್ಟಲು ತುಂಬ ಹಾಕಿಕೊಟ್ಟರೆ ನಮ್ಮಲ್ಲಿ ಅದಕ್ಕೆ ಅರ್ಥವೇ ಬೇರೆ: ಆಯಿತು, ಇನ್ನು ಎದ್ದು ಹೊರಡು ಎಂದು. ನಾನು ಯಾರಿಗೂ ತುಂಬಿಸಿ ಕೊಟ್ಟವಳಲ್ಲ. ಹೋಗಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂತಿರಿ ಎಂದು ಬಾಯಿಬಿಟ್ಟು ಕೇಳಲು ನಾಚಿಕೆ. ಅದನ್ನು ಚಹಾದಲ್ಲೇ ಕೇಳುತ್ತೇನೆ.

ಇಂಥ ಮನೆಗೆ ಒಂದು ಶರತ್ಕಾಲದಲ್ಲಿ ಸಿನಿಮಾದವರು ಬಂದು ಇಳಿದರು. ಎರಡು ವ್ಯಾನು, ಒಂದು ರಾಶಿ ತಂತಿ, ರಾಜಧಾನಿ ಬಿಷ್ಕೆಕ್‌ನ ಹುಡುಗರು. ನಿರ್ದೇಶಕ ಎರ್ಮೆಕ್ ಅಂತ, ಕುದುರೆ ಬಾಲದ ಹಾಗೆ ಜುಟ್ಟು ಕಟ್ಟಿಕೊಂಡಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ನಿಮ್ ಮನೇನೂ ಬೇಕು, ನಿಮ್ ಮುಖಾನೂ ಬೇಕು" ಎಂದ.

"ಮುಖ ತಗೊಂಡೋಗಪ್ಪ, ನಂಗದರಿಂದ ಏನೂ ಆಗ್ಬೇಕಾಗಿಲ್ಲ" ಎಂದೆ.

ಕತೆ ಹೇಳಿದ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಅವನು ಪ್ರೀತಿಸಿದ ಹುಡುಗಿಯನ್ನು ಮನೆಯವರು ಬೇರೆ ಕಡೆ ಕೊಡಲು ಹೊರಟಿದ್ದಾರೆ. ಇವನು ಮಾಲೀಕನ ಪೆಟ್ಟಿಗೆ ಒಡೆದು, ಅವನ ತಲೆಯನ್ನೂ ಒಡೆದು, ಹುಡುಗಿಯನ್ನು ಕರೆದುಕೊಂಡು ಓಡುತ್ತಾನೆ. ಹಿಂದೆ ಪೊಲೀಸರು. ಓಡಿ ಓಡಿ ಕಡೆಗೆ ಘಾಟಿಯ ಮೇಲೊಬ್ಬ ಮುದುಕಿಯ ಮನೆ ಸೇರುತ್ತಾರೆ. ಮುದುಕಿ ಚಹಾ ಕೊಡುತ್ತಾಳೆ, ಮಲಗಲು ಹಾಸಿಗೆ ಕೊಡುತ್ತಾಳೆ. ಎಲ್ಲಾ ಚೆನ್ನಾಗಿತ್ತು. ಕೊನೆಯದನ್ನು ಮಾತ್ರ ಎರ್ಮೆಕ್ ಆಗ ಹೇಳಲೇ ಇಲ್ಲ, ಕಳ್ಳ.

ಹುಡುಗಿಯ ಪಾತ್ರ ಮಾಡಿದವಳು ಚೊಲ್ಪೊನ್. ಬಡಕಲು ಮೈ, ದೊಡ್ಡ ನಗು. ವ್ಯಾನಿನಲ್ಲಿ ಚಳಿ ಎಂದು ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಬೆಳಗ್ಗೆ ನನಗಿಂತ ಮೊದಲೆದ್ದು ಒಲೆಗೆ ಬೆರಣಿ ತುಂಬಿ, ಮನೆ ತುಂಬ ಹೊಗೆ ಎಬ್ಬಿಸುತ್ತಿದ್ದಳು. "ಏ ಪಟ್ಟಣದ ಕೋಳಿ, ಮನೆ ಸುಡ್ತೀಯೇನೇ?" ಎಂದು ಬೈದರೆ, "ಸುಟ್ರೆ ನನ್ ಜೊತೆ ಬಿಷ್ಕೆಕ್‌ಗೆ ಬಂದ್ಬಿಡಿ ಅಜ್ಜಿ" ಎನ್ನುತ್ತಿದ್ದಳು. ಅವಳು ಹಾಗೆನ್ನಲಿ ಎಂದೇ ನಾನು ದಿನಾ ಬೈಯುತ್ತಿದ್ದೆ. ಇನ್ನೊಬ್ಬರು ಮಗ್ಗುಲಾಗುವ ಸದ್ದು ಕೇಳುತ್ತಾ ನಿದ್ದೆ ಹೋಗುವ ಸುಖವನ್ನು ನಾನು ಮರೆತೇಬಿಟ್ಟಿದ್ದೆ.

ಕಡೆಯ ದಿನ ಎರ್ಮೆಕ್ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದ. ಪೊಲೀಸ್ ಬಟ್ಟೆ ತೊಟ್ಟವನೊಬ್ಬ ಬಂದು, ಹುಡುಗ ಹುಡುಗಿ ಯಾರಾದರೂ ಬಂದರೇ ಎಂದು ಕೇಳುತ್ತಾನೆ. ನಾನು "ಒಳಗಿದ್ದಾರೆ" ಎನ್ನಬೇಕು. ಆಮೇಲೆ ಅಂಗಳದಲ್ಲಿ ಗುಂಡು, ಹುಡುಗ ಸಾಯುತ್ತಾನೆ, ಸಿನಿಮಾ ಮುಗಿಯಿತು.

ಕ್ಯಾಮೆರಾ ಓಡಿತು. ಪೊಲೀಸ್ ಕೇಳಿದ. "ಯಾರೂ ಬಂದಿಲ್ಲ" ಎಂದೆ.

"ಕಟ್! ಅಜ್ಜಿ, 'ಒಳಗಿದ್ದಾರೆ' ಅನ್ನಿ."

"ಸರಿ" ಎಂದೆ. ಮತ್ತೆ ಓಡಿತು, ಮತ್ತೆ ಕೇಳಿದ. "ಯಾರೂ ಬಂದಿಲ್ಲ ಕಣಪ್ಪ. ನೀನೂ ಒಳಗೆ ಬಾ, ಚಹಾ ಕುಡಿ" ಎಂದೆ. ತಂತಿ ಹಿಡಿದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರ್ಮೆಕ್ ತಲೆ ಚಚ್ಚಿಕೊಂಡ. "ಅಜ್ಜಿ, ಇದು ನಾಟಕ! ಎಲ್ಲಾ ಸುಳ್ಳು!"

"ಯಾವುದಪ್ಪ ಸುಳ್ಳು? ರೊಟ್ಟಿ ಸುಳ್ಳಾ? ಆ ಮಗು ನನ್ ಒಲೆ ಮುಂದೆ ಕೂತು ನಿಜವಾಗ್ಲೂ ತಿಂದಿದೆ. ನನ್ ಉಪ್ಪು ತಿಂದವರನ್ನ ನಾನೇ ಹಿಡ್ಕೊಡ್ಲಾ? ನಾಳೆ ಜನ ನನ್ ಬಾಗಿಲು ತಟ್ತಾರಾ? ನೀನು ವ್ಯಾನ್ ಹತ್ತಿ ಹೋಗ್ತೀಯ, ಈ ಘಾಟೀಲಿ ಇರೋಳು ನಾನು."

ಬೈದ, ಗೋಗರೆದ. ಬೇರೆ ಮುದುಕಿಯನ್ನು ತರಿಸೋಣವೆಂದರೆ ಅಷ್ಟು ದಿನ ನನ್ನ ಮುಖವನ್ನೇ ತೆಗೆದಾಗಿದೆ. ಬಿಸಿಲು ಇಳಿಯುತ್ತಿತ್ತು. ಕೊನೆಗೆ ಹೊರಗೆ ಹೋಗಿ ಒಂದು ಸಿಗರೇಟು ಸೇದಿ, ನಗುತ್ತಾ ಬಂದ. "ಆಯ್ತಜ್ಜಿ, ನೀವೇ ಗೆದ್ರಿ. ನಿಮ್ಗೆ ತೋಚಿದ್ದೇ ಹೇಳಿ."

ಕಿವಿಗೆ ಡಬ್ಬಿ ಸಿಕ್ಕಿಸಿಕೊಂಡು ನಮ್ಮ ಮಾತು ಹಿಡಿಯುತ್ತಿದ್ದವನು ಆ ಸಲ ಡಬ್ಬಿ ತೆಗೆದು ಪಕ್ಕಕ್ಕಿಟ್ಟಿದ್ದ. ನೋಡಿದೆ, ನೋಡಿಯೂ ತಿಳಿಯಲಿಲ್ಲ. "ಯಾರೂ ಬಂದಿಲ್ಲ" ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೋ ಹೆಮ್ಮೆಯೋ ಹೆಮ್ಮೆ. ಚೊಲ್ಪೊನ್ ಮಾತ್ರ ನನ್ನ ಮುಖ ನೋಡಲಿಲ್ಲ. ಹೊರಡುವ ಬೇಸರ ಇರಬೇಕು ಎಂದುಕೊಂಡೆ.

ಅವರು ಹೋದ ಮೇಲೆ ಮನೆ ಭಣಭಣ ಎಂದಿತು. ಮೊದಲೂ ಒಬ್ಬಳೇ ಇದ್ದವಳು, ಆದರೆ ಆಗ ಅದು ಅಭ್ಯಾಸವಾಗಿತ್ತು. ಈಗ ಹೊಸದಾಗಿ ಅಭ್ಯಾಸ ಮಾಡಿಕೊಳ್ಳಬೇಕಾಯಿತು. ರಾತ್ರಿ ಹಾಸಿಗೆಯ ಒಂದು ಬದಿಗೇ ಮಲಗುತ್ತಿದ್ದೆ.

ವಸಂತದಲ್ಲಿ ಲಾರಿಯ ಜೊಲ್ದೊಶ್ ಬಂದು, "ಅಜ್ಜಿ, ನಿಮ್ ಸಿನಿಮಾ ಬಂದಿದೆ, ಕೆಳಗಿನ ಹಳ್ಳಿ ಕ್ಲಬ್ಬಲ್ಲಿ ಹಾಕ್ತಾರೆ, ಹತ್ರಿ" ಎಂದ. ಅವನು ಹದಿನೆಂಟರ ಹುಡುಗನಾಗಿದ್ದಾಗಿನಿಂದ ನನ್ನ ಚಹಾ ಕುಡಿದವನು. ಮದುವೆಗಳಿಗೆ ಹೋಗುವಾಗ ಹಾಕುವ ವೆಲ್ವೆಟ್ ಕೋಟು ತೊಟ್ಟು ಕಲ್ಲಿದ್ದಲ ಲಾರಿ ಹತ್ತಿದೆ. ಹಳ್ಳಿಯವರು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ನನ್ನ ಮನೆ, ನನ್ನ ಒಲೆ, ಚೊಲ್ಪೊನ್ ರೊಟ್ಟಿ ಮುರಿಯುತ್ತಿರುವುದು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಹೊಸ್ತಿಲು ಬಂತು. ಪೊಲೀಸ್ ಕೇಳಿದ. ನನ್ನ ಬಾಯಿ ಅಲುಗಿತು. ಯಾವಳೋ ದಪ್ಪ ಗಂಟಲಿನವಳ ಮಾತು ಹೊರಗೆ ಬಂತು: "ಒಳಗಿದ್ದಾರೆ."

"ಅದು ನಾನಲ್ಲ!" ಎಂದು ಎದ್ದು ನಿಂತು ಕೂಗಿದೆ. "ನಾನು ಹಂಗಂದಿಲ್ಲ! ಯಾರೂ ಬಂದಿಲ್ಲ ಅಂದೆ! ಆ ದರಿದ್ರದವಳ ನಾಲಿಗೆ ಬಿದ್ದೋಗ!" ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಹಿಂದಿನಿಂದ ಯಾರೋ, "ಕೂತ್ಕೊಳೇ ಬುರ್ಮಕಾನ್, ಗುಂಡಿನ ಸದ್ದು ಕೇಳಿಸ್ಲಿ" ಎಂದರು. ಮುಗಿದ ಮೇಲೆ ಹೊರಗೆ ಒಬ್ಬ ಮುದುಕ ಜೊಲ್ದೊಶ್‌ಗೆ ಹೇಳುತ್ತಿದ್ದ: "ಬೆಂಕಿ ಇಲ್ದೆ ಹೊಗೆ ಆಡುತ್ತೇನೋ? ದುಡ್ಡು ಕೊಟ್ಟಿರ್ತಾರೆ, ಅಂದಿರ್ತಾಳೆ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡದೆಯೇ ಹೋಯಿತು.

ಜೊಲ್ದೊಶ್‌ನ ಫೋನಿನಿಂದ ಚೊಲ್ಪೊನ್ ಜೊತೆ ಮಾತಾಡಿದೆ. "ಮಾತನ್ನ ಆಮೇಲೆ ಸ್ಟುಡಿಯೋದಲ್ಲಿ ಸೇರಿಸ್ತಾರೆ ಅಜ್ಜಿ. ನಂಗೆ ಅವತ್ತೇ ಗೊತ್ತಿತ್ತು. ನೀವು ಅಷ್ಟು ಖುಷಿಯಾಗಿದ್ರಿ, ಹೇಳೋಕೆ ಬಾಯಿ ಬರ್ಲಿಲ್ಲ" ಎಂದಳು. ಅವಳನ್ನು ಬೈಯಬೇಕು ಎಂದುಕೊಂಡೆ. "ಊಟ ಮಾಡಿದ್ಯೇನೇ?" ಎಂದು ಕೇಳಿ ಫೋನ್ ವಾಪಸ್ ಕೊಟ್ಟೆ.

ಆ ಸಿನಿಮಾ ಬಸ್ಸುಗಳಲ್ಲಿ ಓಡಿತು, ಜನರ ಫೋನುಗಳಲ್ಲಿ ಓಡಿತು. ಬೇಸಿಗೆಯಲ್ಲಿ ಕಾರು ನಿಲ್ಲಿಸಿದವರೆಲ್ಲ ಹೊಸ್ತಿಲಲ್ಲಿ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ಅಜ್ಜಿ, ಒಂದ್ಸಲ 'ಒಳಗಿದ್ದಾರೆ' ಅನ್ನಿ" ಎಂದು ಕೇಳಿ, ಚಹಾ ಬೇಡವೆಂದು ಹೋದರು. ಲಾರಿಯವರು, "ಡೀಸೆಲ್ ಕದ್ದಿದ್ದೀನಿ ಅಜ್ಜಿ, ಹಿಡ್ಕೊಟ್ಬಿಡ್ಬೇಡಿ" ಎಂದು ಕಿಚಾಯಿಸಿದರು. ನಗುತ್ತಲೇ ಹೇಳಿದರು, ಆದರೆ ತಮ್ಮ ಮನೆಯ ಗುಟ್ಟು, ಹೆಂಡತಿಯ ಜಗಳ, ಮಗನ ಚಿಂತೆ, ಮೊದಲು ನನ್ನ ಮುಂದೆ ಬಿಚ್ಚಿಡುತ್ತಿದ್ದುದನ್ನೆಲ್ಲ ಬಿಚ್ಚಿಡುವುದು ಬಿಟ್ಟರು. ಎರಡು ಬಟ್ಟಲು ಕುಡಿದು ಏಳುತ್ತಿದ್ದರು. ಜೊಲ್ದೊಶ್ ಒಬ್ಬ ಮೊದಲಿನಂತೆ ಕೂರುತ್ತಿದ್ದ, ಪುಣ್ಯಾತ್ಮ.

ಮತ್ತೆ ಶರತ್ಕಾಲ ಬಂತು. ಒಂದು ಸಂಜೆ ಮೊದಲ ಹಿಮ ಬೀಳುತ್ತಿರುವಾಗ ಹಳೆಯ ಆಡಿ ಕಾರೊಂದು ಅಂಗಳಕ್ಕೆ ಬಂದು ಕೆಮ್ಮಿ ನಿಂತಿತು. ಒಬ್ಬ ಹುಡುಗ, ಒಬ್ಬ ಹುಡುಗಿ. ಹುಡುಗನ ಕೈಗೆ ಬಟ್ಟೆ ಸುತ್ತಿತ್ತು, ಅದರಲ್ಲಿ ರಕ್ತ ಒಣಗಿತ್ತು. ಹುಡುಗಿ ಹಿಮದಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿದ್ದಳು. "ಅಜ್ಜಿ, ಇವ್ಳಿಗೆ ಸ್ವಲ್ಪ ಮೈ ಬೆಚ್ಚಗಾದ್ರೆ ಸಾಕು, ಹೊರಟ್ಬಿಡ್ತೀವಿ" ಎಂದ ಹುಡುಗ. ಇವರು ನಿಜವಾಗಿ ಓಡಿಬಂದವರು ಎಂದು ತಿಳಿಯಲು ನನಗೆ ಯಾವ ಎರ್ಮೆಕ್‌ನೂ ಬೇಕಿರಲಿಲ್ಲ.

"ಬನ್ನಿ ಬನ್ನಿ, ಬಾಗಿಲು ಹಾಕ್ಕೊಳಿ" ಎಂದೆ. ಏನೂ ಕೇಳಲಿಲ್ಲ. ಅವಳನ್ನು ಒಲೆಯ ಹತ್ತಿರ ಕೂರಿಸಿ, ನನ್ನ ಉಣ್ಣೆಯ ಕಾಲುಚೀಲ ತೊಡಿಸಿದೆ. ಊಟದ ಬಟ್ಟೆ ಹಾಸಿ ರೊಟ್ಟಿ ಇಟ್ಟೆ, ಕೆನೆ ಇಟ್ಟೆ, ಎರಡು ಬಟ್ಟಲು ಇಟ್ಟೆ. ಬೆಳಕು ಸಾಲದೆಂದು ದೀಪ ಹತ್ತಿರ ತಂದೆ.

ಅದೇ ತಪ್ಪಾಯಿತು. ದೀಪದಲ್ಲಿ ಹುಡುಗಿ ನನ್ನ ಮುಖ ನೋಡಿದಳು. ಒಲೆ ನೋಡಿದಳು, ಹೊಸ್ತಿಲು ನೋಡಿದಳು. ಮುಖ ಸುಣ್ಣವಾಯಿತು. ಹುಡುಗನ ತೋಳು ಹಿಡಿದೆಳೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ಎದ್ದೇಬಿಟ್ಟ.

"ನಾವು ಹೊರಡ್ತೀವಿ ಅಜ್ಜಿ."

"ಚಹಾ ಹಾಕ್ತಿದ್ದೀನಲ್ಲಪ್ಪ."

"ಬೇಡ. ಅರ್ಜೆಂಟಿದೆ."

"ಅದು ನಾನಲ್ಲ ಮಗಾ" ಎಂದೆ. "ಸಿನಿಮಾದಲ್ಲಿ ಇರೋದು ನನ್ ಮಾತಲ್ಲ. ನಾನು ಯಾರೂ ಬಂದಿಲ್ಲ ಅಂತಲೇ ಅಂದೆ. ದೇವರಾಣೆ. ಮೇಲೆ ಹಿಮ ಬೀಳ್ತಿದೆ, ರಾತ್ರಿ ಇದ್ದು ಹೋಗ್ರಿ."

ಹುಡುಗಿ ನನ್ನ ಕಾಲುಚೀಲ ಕಳಚಿ ಒಲೆಯ ಪಕ್ಕ ಜೋಡಿಸಿಟ್ಟಳು. ಇಬ್ಬರೂ ಹೋಗಿ ಕಾರು ಹತ್ತಿದರು. ರೊಟ್ಟಿ ಹಿಡಿದು ಕಾರಿನ ಹಿಂದೆ ಓಡಿದೆ. "ಬಾಯಿಗಾದ್ರೂ ಮುಟ್ಸಿ ಹೋಗ್ರೋ! ಒಂದು ಚೂರು!" ನಮ್ಮಲ್ಲಿ ಜಗಳವಾಡಿ ಹೋಗುವವನು ಕೂಡ ಅಷ್ಟು ಮಾಡುತ್ತಾನೆ. ಹುಡುಗಿ ಗಾಜು ಏರಿಸಿಕೊಂಡಳು. ಕಾರು ಘಾಟಿ ಹತ್ತಿ ತಿರುವಿನಲ್ಲಿ ಮರೆಯಾಯಿತು.

ಬೂಟಿನ ಹಿಮ ಕೊಡವಿ ಒಳಗೆ ಬರುವಷ್ಟರಲ್ಲಿ ಕೆಳಗಿನಿಂದ ಜೀಪಿನ ಸದ್ದು. ನಿಜವಾದ ಪೊಲೀಸರು, ಇಬ್ಬರು. ದಪ್ಪನವನು ಹೊಸ್ತಿಲಲ್ಲೇ ನಿಂತು ಕೇಳಿದ: "ಅಜ್ಜಿ, ಒಬ್ಬ ಹುಡುಗ, ಒಬ್ಬಳು ಹುಡುಗಿ ಈ ಕಡೆ ಬಂದ್ರಾ? ಆ ಹುಡುಗಿಯ ಅಣ್ಣನಿಗೇ ಚಾಕು ಹಾಕಿ, ಅವ್ನ ಕಾರೇ ತಗೊಂಡು ಓಡಿದ್ದಾರೆ."

"ಆ ಅಣ್ಣ ಬದುಕಿದ್ದಾನಾ?"

"ಬದುಕಿದ್ದಾನೆ. ಆಸ್ಪತ್ರೇಲಿ ಕೂತು ಅವರಿಬ್ಬರನ್ನೂ ಕೊಲ್ತೀನಿ ಅಂತಿದ್ದಾನೆ."

"ಯಾರೂ ಬಂದಿಲ್ಲ" ಎಂದೆ.

ತೆಳ್ಳಗಿನವನು ಒಳಗೆ ಇಣುಕಿದ. "ಎರಡು ಬಟ್ಟಲು ಯಾರಿಗೆ ಅಜ್ಜಿ?"

"ನಿಮಗೇ. ಘಾಟೀಲಿ ಜೀಪಿನ ಸದ್ದು ಕೇಳಿದ್ರೆ ಬಟ್ಟಲು ಇಡೋದು ನನ್ ಚಾಳಿ. ಕೂತ್ಕೊಳಿ."

ದಪ್ಪನವನು ಬೂಟು ಬಿಚ್ಚುತ್ತಾ ನಕ್ಕ. "ಕೂತ್ಕೊಳೋ. ಸಿನಿಮಾ ನೋಡಿಲ್ವಾ ನೀನು? ಇವ್ರು ಆ ಅಜ್ಜಿ ಕಣೋ. ಬಂದಿದ್ರೆ ಕೇಳೋಕೂ ಮುಂಚೆ ಹೇಳಿಬಿಡ್ತಿದ್ರು."

ಇಬ್ಬರೂ ಕೂತರು. ತಳ ಮುಚ್ಚುವಷ್ಟು ಚಹಾ ಹಾಕಿದೆ. ಕುಡಿದು ಚಾಚಿದರು, ಮತ್ತೆ ತಳ ಮುಚ್ಚುವಷ್ಟು ಹಾಕಿದೆ. ಕೆನೆ ಸವರಿ ಆ ರೊಟ್ಟಿಯನ್ನೇ ತಿಂದರು. "ಎಂಥಾ ರೊಟ್ಟಿ ಅಜ್ಜಿ!" ಎಂದು ಹೊಗಳಿದರು. ಅವರ ಹಳ್ಳಿ ಕೇಳಿದೆ, ಹೆಂಡತಿ ಮಕ್ಕಳನ್ನು ಕೇಳಿದೆ, ದಪ್ಪನವನ ಮಂಡಿ ನೋವಿಗೆ ಕುರಿಯ ಕೊಬ್ಬು ಹಚ್ಚಲು ಹೇಳಿದೆ. ಜನ್ಮದಲ್ಲಿ ಅಷ್ಟು ಮಾತಾಡಿದವಳಲ್ಲ. ನನ್ನ ಕಣ್ಣು ಮಾತ್ರ ಕಿಟಕಿಯಲ್ಲಿತ್ತು. ಅಂಗಳದಲ್ಲಿ ಆ ಕಾರಿನ ಚಕ್ರದ ಗುರುತು ಕತ್ತಲಲ್ಲಿ ಮೊದಲು ಕಪ್ಪಗೆ, ಆಮೇಲೆ ಬೂದು ಬೂದಾಗಿ ಕಾಣುತ್ತಿತ್ತು. ಹಿಮ ಬೀಳುತ್ತಲೇ ಇತ್ತು. ಬೀಳಲಿ, ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿದೆ. ಕೊನೆಗೆ ಅಂಗಳವೆಲ್ಲ ಒಂದೇ ಬಿಳುಪಾಯಿತು.

ಆಗ ಅವರ ಬಟ್ಟಲುಗಳಿಗೆ ಅಂಚಿನವರೆಗೂ ಚಹಾ ತುಂಬಿ ಕೊಟ್ಟೆ. ದಪ್ಪನವನು ಬಟ್ಟಲು ನೋಡಿದ, ನನ್ನನ್ನು ನೋಡಿದ. "ಓಹೋ, ಹೊರಡಿ ಅಂತೀರ! ಆಯ್ತಜ್ಜಿ" ಎಂದು ಎದ್ದ. ಓಡಿಹೋದವರು ಕೆಳಗಿನ ದಾರಿ ಹಿಡಿದಿರಬೇಕು ಎಂದು ತಮ್ಮಲ್ಲೇ ಮಾತಾಡಿಕೊಳ್ಳುತ್ತಾ ಜೀಪು ತಿರುಗಿಸಿಕೊಂಡು ಇಳಿದು ಹೋದರು.

ಆ ಮಕ್ಕಳು ಘಾಟಿ ದಾಟಿರುತ್ತಾರೆ. ದಾಟಿ ಎಲ್ಲೋ ಯಾರದೋ ಮನೆಯಲ್ಲಿ ಚಹಾ ಕುಡಿಯುತ್ತಾ, "ಆ ಸಿನಿಮಾದ ಮುದುಕಿ ಮನೆಗೆ ಹೋಗಿದ್ವಿ, ಪುಣ್ಯಕ್ಕೆ ಗೊತ್ತಾಯ್ತು, ತಪ್ಪಿಸ್ಕೊಂಡ್ ಬಂದ್ವಿ" ಎಂದು ಹೇಳುತ್ತಿರುತ್ತಾರೆ. ಕೇಳಿದವರು ಹೌದೇ ಎಂದು ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ನಾನು ಹೋಗಿ ಯಾರಿಗೆ ಹೇಳಲಿ? ಹೇಳಿದರೆ ಅವರನ್ನೇ ಹಿಡಿದುಕೊಟ್ಟ ಹಾಗಾಗುತ್ತದೆ. ಜೊಲ್ದೊಶ್‌ಗೂ ಹೇಳಿಲ್ಲ.

ಪೊಲೀಸರ ಬಟ್ಟಲು ತೊಳೆದಿಟ್ಟೆ. ಹುಡುಗಿ ಜೋಡಿಸಿಟ್ಟಿದ್ದ ಕಾಲುಚೀಲ ಒಲೆಯ ಪಕ್ಕ ಹಾಗೇ ಇತ್ತು. ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಅವಳ ಕಾಲಿನದಲ್ಲ, ಒಲೆಯದು. ಅದನ್ನೇ ತೊಟ್ಟುಕೊಂಡು ಮಲಗಿದೆ.