ನಿಜವಾದ ಉದಾಹರಣೆಗಳು

ಗಂಡ ತೀರಿಕೊಂಡ ಐದನೆಯ ತಿಂಗಳಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಅವನು ಬರೆಯುತ್ತಿರುವುದನ್ನು ಕವನಾ ನೋಡಿದಳು.

ಪರ್ತ್‌ನ ಎಲೆನ್‌ಬ್ರೂಕಿನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯ ಮೇಲೆ ಸಿಂಪ್ಲಾ ಭಾಷೆಯ ವ್ಯಾಕರಣ. ಏಳನೆಯ ಅಧ್ಯಾಯದಲ್ಲಿ ಹಸಿರು ಕರ್ಸರ್ ಗೆರೆಯೊಂದು ಮಿನುಗುತ್ತಿತ್ತು. ಗೆರೆಯ ನೆತ್ತಿಯ ಮೇಲೆ ‘ಉತ್ತಮ್’ ಎಂದು ಪುಟ್ಟ ಅಕ್ಷರಗಳಲ್ಲಿ ಗಂಡನ ಹೆಸರು. ಗೆರೆ ಮುಂದೆ ಸರಿದು ಒಂದು ಪದ ಮೂಡಿತು. ಅಳಿಸಿಹೋಯಿತು. ಇನ್ನೊಂದು ಮೂಡಿತು. ಅವಳು ಎದ್ದು ಹೋಗಿ ಒಲೆ ಆರಿಸಿ ಬಂದಳು. ಗೆರೆ ಅಲ್ಲೇ ಇತ್ತು. ನಾಲ್ಕು ಇಪ್ಪತ್ತಕ್ಕೆ ಮಾಯವಾಯಿತು.

ಬುಧವಾರವೂ ಬಂತು, ಗುರುವಾರವೂ ಬಂತು. ಅವಳು ಯಾರಿಗೂ ಹೇಳಲಿಲ್ಲ. ಮೂರೂವರೆಗೆ ಮೊದಲೇ ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕೂರತೊಡಗಿದಳು.

ಸಿಂಪ್ಲಾ ಎಂಬುದು ಮೂವರು ಸೇರಿ ಕಟ್ಟಿದ ಭಾಷೆ. ಪರ್ತ್‌ನಲ್ಲಿ ಉತ್ತಮ್, ಬ್ರಿಸ್ಬೇನಿನಲ್ಲಿ ಅವನ ಮೈಸೂರಿನ ಸಹಪಾಠಿ ಸಿದ್ಧಾರ್ಥ, ಅಡಿಲೇಡಿನಲ್ಲಿ ನಿವೃತ್ತ ಡಾಕ್ಟರ್ ವೇಣುಗೋಪಾಲ ಅಂಕಲ್. ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್ ಭಾಷೆಗಳಿಂದ ಪದಗಳನ್ನು ಆರಿಸಿ ತಂದು, ಕಷ್ಟವಾದದ್ದನ್ನೆಲ್ಲ ಕತ್ತರಿಸಿ ಹಾಕಿದ್ದರು. ನಾಮಪದಕ್ಕೆ ಲಿಂಗವಿಲ್ಲ. ಕ್ರಿಯಾಪದ ಯಾರಿಗಾಗಿಯೂ ರೂಪ ಬದಲಿಸುವುದಿಲ್ಲ. ನಡೆದುಹೋದದ್ದಾದರೆ ಅದಕ್ಕೆ ಮೊದಲು ‘ಹಾ’, ನಡೆಯಲಿರುವುದಾದರೆ ‘ವಾ’, ಅಷ್ಟೇ. “ಹದಿನೈದು ದಿನ ಸಾಕು ಕಣೇ, ಕಲ್ತ್ಬಿಡ್ತೀಯ,” ಎನ್ನುತ್ತಿದ್ದ ಉತ್ತಮ್. ಅವಳು ನಕ್ಕುಬಿಡುತ್ತಿದ್ದಳು.

ಮೂವರೂ ತಂತಮ್ಮ ಊರಿನಿಂದ ಒಂದೇ ಆನ್‌ಲೈನ್ ಫೈಲಿನಲ್ಲಿ ಬರೆಯುತ್ತಿದ್ದರು; ಯಾರು ಬರೆಯುತ್ತಿದ್ದರೆ ಅವರ ಹೆಸರು ಗೆರೆಯ ಮೇಲೆ ಕಾಣುತ್ತಿತ್ತು. ಮೂವರ ನಡುವೆ ಎರಡು ಕಟ್ಟಳೆ ಇದ್ದವು. ಒಬ್ಬರ ಅಧ್ಯಾಯವನ್ನು ಇನ್ನೊಬ್ಬರು ಮುಟ್ಟಬಾರದು. ಮತ್ತೆ, ಉದಾಹರಣೆಗೆಂದು ಕೊಡುವ ವಾಕ್ಯ ಬರೆದವನ ಬದುಕಿನಲ್ಲಿ ನಿಜವಾಗಿರಬೇಕು. ಹಾಗಾಗಿ ಉತ್ತಮ್‌ನ ಅಧ್ಯಾಯಗಳಲ್ಲಿ ಅವರ ಸಂಸಾರವೇ ಇತ್ತು. ನನ್ನ ಹೆಂಡತಿ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಹಿತ್ತಲಿನ ನಿಂಬೆಗಿಡ ಸತ್ತಿತು. ನಾವು ಹಳದಿ ಪರದೆ ಕೊಂಡೆವು, ನನಗೆ ಅದು ಹಿಡಿಸಲಿಲ್ಲ. ಇವನ್ನು ಓದಲೆಂದೇ ಅವಳು, ಅವನು ಹೋದಮೇಲೆ, ಅವನ ವ್ಯಾಕರಣವನ್ನೇ ಮುಂದಿಟ್ಟುಕೊಂಡು ಭಾಷೆ ಕಲಿತಳು. ಹನ್ನೊಂದು ದಿನ ಹಿಡಿಯಿತು.

ಏಳನೆಯ ಅಧ್ಯಾಯದ ನಾಲ್ಕನೆಯ ಉದಾಹರಣೆ ಹೀಗಿತ್ತು: ಮೆ ನೊ ಹಾ ಸೆಂತಿ ಇರಾ ಕೊಂತ್ರಾ ಎಲಾ. ಅವಳ ಮೇಲೆ ನನಗೆ ಕೋಪವಿರಲಿಲ್ಲ.

ಮಾರ್ಚ್ ತಿಂಗಳ ಆ ಶನಿವಾರ, ತಿಂಡಿಗೆ ಮೂರು ಸಲ ಕರೆದು ಸಾಕಾಗಿ ಅವಳು ಅಂದಿದ್ದಳು: “ಯಾರೂ ಆಡದಿರೋ ಭಾಷೆ ಜೊತೇಲೇ ಸಂಸಾರ ಮಾಡ್ಕೋ ಹೋಗು. ನನ್ನನ್ನ ಬಿಟ್ಬಿಡು.” ಅವನು ಅವಳಿಗೆ ಬೆನ್ನು ಹಾಕಿ ಹತ್ತು ನಿಮಿಷ ಲ್ಯಾಪ್‌ಟಾಪಿನ ಮುಂದೆ ಕೂತಿದ್ದು, ಕಾರಿನ ಕೀ ಎತ್ತಿಕೊಂಡು ಹೊರಟುಹೋದ. ಕ್ಯಾನಿಂಗ್ಟನ್‌ನ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿ ಕುಸಿದುಬಿದ್ದ. ಹೃದಯ ನಿಂತುಹೋಯಿತು ಎಂದರು. ಮೂವತ್ತಾರು ವರ್ಷ.

ಆ ಹತ್ತು ನಿಮಿಷದಲ್ಲಿ ಅವನು ಬರೆದದ್ದು ಈ ನಾಲ್ಕನೆಯ ವಾಕ್ಯವೇ ಇರಬೇಕು. ಅದನ್ನು ಓದಿದ ದಿನದಿಂದ ಅವಳು ಅದೊಂದನ್ನೇ ನೆಚ್ಚಿಕೊಂಡು ಉಸಿರಾಡುತ್ತಿದ್ದಳು.

ಶುಕ್ರವಾರ, ಗೆರೆ ಸರಿದಾಡುತ್ತಿರುವಾಗಲೇ, ಅವಳು ಸಿದ್ಧಾರ್ಥನಿಗೆ ಫೋನ್ ಮಾಡಿದಳು. ಭಯವಾಗಿತ್ತೋ ಏನೋ, ಅವಳಿಗೇ ತಿಳಿಯಲಿಲ್ಲ. ಅವನು ಫೋನ್ ಎತ್ತಿದ. ಕಾಮಾ ಬರಬೇಕಾದಲ್ಲಿ ಗೆರೆ ನಿಂತಿತು.

“ಹೇಳಿ ಕವನಾ, ಹೇಗಿದೀರಾ? ಟ್ರೈನಲ್ಲಿದೀನಿ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮನೆಗೆ ಇನ್ನೂ ಮುಕ್ಕಾಲು ಗಂಟೆ, ಆರಾಮಾಗಿ ಮಾತಾಡಿ.”

ಅವಳು ನಿಂತ ಗೆರೆಯನ್ನೇ ನೋಡಿದಳು. ಇಲ್ಲಿ ಮೂರೂವರೆ ಎಂದರೆ ಬ್ರಿಸ್ಬೇನಿನಲ್ಲಿ ಸಂಜೆ ಐದೂವರೆ, ಆಫೀಸು ಬಿಡುವ ಹೊತ್ತು.

“ಕಾಮಾ ಹಾಕ್ತಿದ್ರಲ್ಲ, ಹಾಕಿ ಮುಗಿಸಿ,” ಎಂದಳು.

“ಅಯ್ಯೋ,” ಎಂದ ಸಿದ್ಧಾರ್ಥ. “ನೀವು ಅದನ್ನ ತೆಗೆದು ನೋಡ್ತೀರ ಅಂತ ಗೊತ್ತಿರ್ಲಿಲ್ಲ ಕಣ್ರೀ. ಅವನ ಚಾಪ್ಟರ್ ನಾನು ಮುಟ್ಟೋ ಹಾಗಿಲ್ಲ, ಅವನೇ ಮುಟ್ಬೇಕು. ಹಾಸ್ಟೆಲ್ ಕಾಲದಿಂದ ನಮ್ಮಿಬ್ರದೂ ಒಂದೇ ಪಾಸ್‌ವರ್ಡು. ಅವನ ಹೆಸರಲ್ಲೇ ಮುಗೀಲಿ ಅಂತ ಅದ್ರಿಂದ ಲಾಗಿನ್ ಆಗ್ತಿದ್ದೆ... ತಪ್ಪಾಯ್ತು.”

“ಏಳರಲ್ಲಿ ನಾಲ್ಕನೇದು ಯಾರದು?”

“ಅದು ಅವನದೇ,” ಎಂದ. ಯಾವ ವಾಕ್ಯ ಎಂದು ಕೇಳಲೂ ಇಲ್ಲ; ಅದಕ್ಕೇ ಅವಳಿಗೆ ನಂಬಿಕೆ ಬರಲಿಲ್ಲ.

ಕಂಪ್ಯೂಟರನ್ನು ಕೇಳಿ ಪ್ರಯೋಜನವಿರಲಿಲ್ಲ. ಮೇ ತಿಂಗಳಲ್ಲಿ ಅಂಕಲ್ ಎಲ್ಲವನ್ನೂ ಹೊಸ ಫೈಲಿಗೆ ಎತ್ತಿ ಹಾಕಿದ್ದರು. ಅದಕ್ಕಿಂತ ಹಿಂದೆ ಯಾರು ಏನು ಬರೆದರೆಂಬುದು ಅಳಿಸಿಹೋಗಿತ್ತು. ಆದರೆ ಅಂಕಲ್ ಪ್ರತಿ ಶುಕ್ರವಾರ ಇಡೀ ವ್ಯಾಕರಣವನ್ನು ಪ್ರಿಂಟ್ ಮಾಡಿ, ತಾರೀಖು ಹಾಕಿ, ಸಹಿ ಮಾಡಿ, ಇಟ್ಟುಕೊಳ್ಳುತ್ತಾರೆಂದು ಉತ್ತಮ್ ನಗುತ್ತ ಹೇಳುತ್ತಿದ್ದ. ವ್ಯಾಕರಣವನ್ನು ಪುಸ್ತಕವಾಗಿ ಅಚ್ಚಿಗೆ ಕೊಡುವ ಮುಂಚೆ ಎಲ್ಲರೂ ಅಡಿಲೇಡಿನ ಅಂಕಲ್ ಮನೆಯಲ್ಲಿ ಸೇರುವುದೆಂದಾಗಿತ್ತು. ಬರುವುದಿಲ್ಲ ಎಂದಿದ್ದವಳು ಟಿಕೆಟ್ ತೆಗೆದಳು.

“ಪೇಷೆಂಟ್ಸ್ ಬಿಟ್ರೂ ಕೇಸ್ ಶೀಟ್ ಬಿಡ್ಲಿಲ್ಲಮ್ಮ ಇವ್ರು,” ಎಂದರು ಅಂಕಲ್‌ರ ಹೆಂಡತಿ ನಾಗವೇಣಿ ಆಂಟಿ. “ಗ್ಯಾರೇಜ್ ತುಂಬ ಕಾಗದ. ಕಾರು ಬೀದೀಲಿ ಬಿಸ್ಲು ಕಾಯ್ತಿದೆ.”

“ನಿನ್ನ ಉಪ್ಪಿನಕಾಯಿ ಜಾಡಿಗಳನ್ನೂ ಹೇಳು,” ಎಂದರು ಅಂಕಲ್.

ಕವನಾ ಎರಡು ಶುಕ್ರವಾರದ ಕಾಗದ ಕೇಳಿದಳು. ಅವನು ಹೋದ ಶನಿವಾರದ ಹಿಂದಿನ ದಿನದ್ದು, ಮತ್ತು ಅದರ ಮುಂದಿನ ವಾರದ್ದು. ಅಂಕಲ್ ಎದ್ದು ಗ್ಯಾರೇಜಿಗೆ ಹೋದರು. ಸೋಫಾದ ತುದಿಯಲ್ಲಿ ಕೂತಿದ್ದ ಸಿದ್ಧಾರ್ಥ, “ಮೊದಲು ಊಟ ಮಾಡಿ ಕವನಾ. ಅದು ಆಮೇಲೆ,” ಎಂದ.

“ಆ ನಾಲ್ಕನೇದು ನೀವು ಬರೆದಿದ್ದಾ?”

ಅವನು ನೆಲ ನೋಡಿದ. “ಏಪ್ರಿಲ್‌ನಲ್ಲಿ. ನಮ್ಮಮ್ಮನ ಬಗ್ಗೆ. ನೀವು ಫೋನಲ್ಲಿ ಕೇಳಿದ ರೀತೀಲೇ ಗೊತ್ತಾಯ್ತು ಏನೋ ಇದೆ ಅಂತ. ಆಮೇಲೆ ‘ಅವನದಲ್ಲ’ ಅನ್ನೋಕೆ ಬಾಯಿ ಬರ್ಲಿಲ್ಲ.”

ಅವಳು ತಲೆಯಾಡಿಸಿದಳು. ಕಾಗದ ಬಂದಮೇಲೂ ನೋಡಿದಳು. ಎರಡರಲ್ಲೂ ಏಳನೆಯ ಅಧ್ಯಾಯಕ್ಕೆ ಮೂರೇ ಉದಾಹರಣೆ.

ಹಾಗಾದರೆ ಆ ಹತ್ತು ನಿಮಿಷ ಅವನು ಮಾಡಿದ್ದೇನು? ಅವಳು ಎರಡೂ ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು, ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತ ಹೋದಳು. ಆಂಟಿ ಅನ್ನಕ್ಕೆ ಮುಚ್ಚಳ ಮುಚ್ಚಿದರು. ಎಲ್ಲ ಒಂದೇ ಇತ್ತು, ಒಂಬತ್ತನೆಯ ಅಧ್ಯಾಯದ ತನಕ. ಅದೂ ಉತ್ತಮ್‌ನದೇ, ಮುಂದೆ ನಡೆಯಲಿರುವುದನ್ನು ಹೇಳುವ ಬಗೆ. ಮೊದಲ ಶುಕ್ರವಾರ ಅಲ್ಲಿ ಐದು ವಾಕ್ಯಗಳಿದ್ದವು, ಎರಡನೆಯ ಶುಕ್ರವಾರ ನಾಲ್ಕು. ಇಲ್ಲವಾದದ್ದು ಇದು: ಮೆ ಫೆಮಿನಾ ವಾ ಅಪ್ರೆಂದೆ ಮೆ ಲಿಂಗ್ವಾ. ನನ್ನ ಹೆಂಡತಿ ನನ್ನ ಭಾಷೆಯನ್ನು ಕಲಿಯುವಳು.

ಅವನು ಏನನ್ನೂ ಬರೆದಿರಲಿಲ್ಲ. ಇನ್ನು ನಿಜವಲ್ಲದ್ದನ್ನು ಅಳಿಸಿ, ಉಳಿದ ನಾಲ್ಕರ ಸಂಖ್ಯೆಗಳನ್ನು ಸರಿಮಾಡಿ ಹೋಗಿದ್ದ.

ಅಂಕಲ್ ಕನ್ನಡಕ ಏರಿಸಿ ಓದಿದರು. ಹಾಳೆ ಕೆಳಗಿಟ್ಟು ಹೇಳಿದರು: “ಈಗ ಕಲ್ತಿದೀಯಲ್ಲ ಮಗೂ. ಈಗ ಇದು ನಿಜ. ವಾಪಸ್ ಹಾಕೋಣ.”

“ಬೇಡ ಅಂಕಲ್. ತೆಗೆದಿದ್ದು ಅವನು.”

“ಕೋಪದಲ್ಲಿ ತೆಗೆದಿದ್ದಮ್ಮ.”

“ಹೌದು,” ಎಂದಳು ಕವನಾ. “ಅವನ ಕೋಪ. ಅದೂ ನಿಜವೇ.” ಆಮೇಲೆ ಸಿದ್ಧಾರ್ಥನ ಕಡೆ ತಿರುಗಿದಳು. “ನಿಮ್ಮಮ್ಮನ ವಾಕ್ಯ ಚೆನ್ನಾಗಿದೆ. ನಿಮ್ಮ ಚಾಪ್ಟರಿಗೆ ಹಾಕ್ಕೊಳ್ಳಿ.”

ಅವನು ಅಲ್ಲೇ ಕೂತು ಅದನ್ನು ತೆಗೆದ. ಅವಳು ಲ್ಯಾಪ್‌ಟಾಪ್ ಇಸಿದುಕೊಂಡು, ಇನ್ನು ಯಾರೂ ಅವನ ಹೆಸರಿನಲ್ಲಿ ಬರೆಯದಂತೆ, ಉತ್ತಮ್‌ನ ಪಾಸ್‌ವರ್ಡ್ ಬದಲಾಯಿಸಿದಳು.

“ಒಂದು ಹಾಳೆ ಕೊಡ್ತೀರಾ ಅಂಕಲ್?”

ಅಂಕಲ್ ಮೊದಲ ಶುಕ್ರವಾರದ ಕಟ್ಟಿನಿಂದ ಒಂಬತ್ತನೆಯ ಅಧ್ಯಾಯದ ಹಾಳೆ ಬಿಡಿಸತೊಡಗಿದರು.

“ಅದಲ್ಲ. ಎರಡನೇದು.”

“ಇದರಲ್ಲಿ ಆ ವಾಕ್ಯ ಇಲ್ವಲ್ಲಮ್ಮ.”

“ಗೊತ್ತು. ಅವನು ಕೊನೇಲಿ ಬಿಟ್ಟುಹೋಗಿದ್ದು ಇದೇ,” ಎಂದಳು ಅವಳು, ಕೈ ಚಾಚಿಕೊಂಡೇ.